ಉಂಡದ್ದು ಯಾರ ಮನೆಯಲ್ಲಿ?

ಜಗಳೂರು ತಾಲ್ಲೂಕಿನ ಸೊಕ್ಕೆ ನನ್ನೂರು. ಬಿ.ಇಡಿ. ಮುಗಿಸಿದವಳೇ ಹತ್ತಿರದ ಒಂದು ಖಾಸಗಿ ಅನುದಾನರಹಿತ ಪ್ರೌಢಶಾಲೆಗೆ ಗಣಿತ ಕಲಿಸಲು ಸೇರಿದೆ. 2024ರ ಬೇಸಿಗೆಯಲ್ಲಿ ಬಿಟ್ಟೆ. ಈಗ ದಾವಣಗೆರೆಯಲ್ಲಿ ಒಂದು ಪಿಯು ಕಾಲೇಜಿನಲ್ಲಿದ್ದೇನೆ. ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಇದೇ ವಿಷಯ ಎತ್ತುತ್ತಾರೆ. ಕಾನ್ವೆಂಟಿನ ಮಿಸ್ಸುಗಳು, ಅತಿಥಿ ಶಿಕ್ಷಕರು, ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡುವ ಹುಡುಗಿಯರು, ಗೊಬ್ಬರದಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗರು. ಅವರಲ್ಲಿ ಯಾರೂ ‘ಸಂಬಳ ಸಾಲದು’ ಎಂದು ಮಾತು ಶುರು ಮಾಡುವುದಿಲ್ಲ. ‘ಬಿಟ್ಟರೆ ತಪ್ಪಾಗುತ್ತೇನೋ ಅಕ್ಕಾ’ ಎಂದೇ ಶುರು. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಸೇರಿಸಿ ಬರೆದಿದ್ದೇನೆ.

1. ಸಂಬಳವನ್ನು ನಿಮ್ಮ ಮನೆಯ ಅಳತೆಯಲ್ಲಿ ಅಳೆದು ನೋಡಿ

2017ರಲ್ಲಿ ಸೇರಿದಾಗ ತಿಂಗಳಿಗೆ 7,500 ರೂಪಾಯಿ, ಬಿಡುವಾಗ 9,000. ‘ಏರಿಸಿದ್ದೇವಲ್ಲಮ್ಮ’ ಎಂದು ಶಾಲೆಯವರು ಹೇಳುತ್ತಿದ್ದರು. ಏರಿದ್ದು ನಿಜವೇ. ಆದರೆ ನಮ್ಮಪ್ಪ ರೈತ, ಅವನಿಗೆ ರೂಪಾಯಿಗಿಂತ ಕ್ವಿಂಟಾಲು ಚೆನ್ನಾಗಿ ಅರ್ಥವಾಗುತ್ತದೆ. ಮೆಕ್ಕೆಜೋಳದ ಬೆಂಬಲ ಬೆಲೆ 2017-18ರಲ್ಲಿ ಕ್ವಿಂಟಾಲಿಗೆ 1,425 ಇತ್ತು, 2023-24ರಲ್ಲಿ 2,090. ಅಪ್ಪ ಗೊಬ್ಬರದ ರಸೀದಿಯ ಹಿಂಬದಿಯಲ್ಲಿ ನನ್ನಿಂದಲೇ ಭಾಗಾಕಾರ ಮಾಡಿಸಿದ. ‘ಸೇರಿದಾಗ ಐದೂಕಾಲು ಕ್ವಿಂಟಾಲು ದುಡೀತಿದ್ದೆ. ಈಗ ನಾಲ್ಕು ಚಿಲ್ರೆ. ಇದನ್ನ ಏರಿಕೆ ಅಂತಾರೇನಮ್ಮ?’ ಎಂದ.

ಬೆಂಬಲ ಬೆಲೆಗೇ ಮೆಕ್ಕೆಜೋಳ ಮಾರುವ ಭಾಗ್ಯ ನಮ್ಮ ಕಡೆಯ ರೈತನಿಗೆ ಎಷ್ಟು ಸಲ ಸಿಕ್ಕಿದೆ ಎನ್ನುವುದು ಬೇರೆಯೇ ಕಥೆ. ಆದರೂ ಆ ಲೆಕ್ಕ ನನ್ನ ಕಣ್ಣು ತೆರೆಸಿತು. ಇನ್ನೊಂದನ್ನೂ ಹಾಕಿ ನೋಡಿದೆ. ಒಂಬತ್ತು ಸಾವಿರವನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 346 ರೂಪಾಯಿ. 2024ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ನರೇಗಾ ಕೂಲಿ 349 ಇತ್ತು. ಕೆರೆ ಹೂಳು ತೆಗೆಯುವ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಕೊರೊನಾ ವರ್ಷದಲ್ಲಿ ಎಷ್ಟೋ ಖಾಸಗಿ ಶಾಲಾ ಶಿಕ್ಷಕರು ಅದೇ ಕೆಲಸಕ್ಕೆ ಹೋಗಿ ಮನೆ ನಡೆಸಿದರು. ಡಿಗ್ರಿ, ಬಿ.ಇಡಿ., ಅದಕ್ಕೆ ಅಪ್ಪ ಮಾಡಿದ ಸಾಲ, ರಾತ್ರಿ ಹತ್ತರವರೆಗೆ ತಿದ್ದುವ ಉತ್ತರ ಪತ್ರಿಕೆ, ಇಷ್ಟಕ್ಕೂ ಸೇರಿ ಬೆಲೆ ಎಷ್ಟೆಂದು ಕಟ್ಟಿದ್ದಾರೆ ಎನ್ನುವುದು ನಿಮಗೆ ಅಂಕಿಯಲ್ಲಿ ಗೊತ್ತಿರಬೇಕು, ಅಷ್ಟೇ.

ಲೆಕ್ಕ ಹಾಕುವಾಗ ತಿಂಗಳಿಗೆ ಹಾಕಬೇಡಿ, ವರ್ಷಕ್ಕೆ ಹಾಕಿ. ನಮಗೆ ಏಪ್ರಿಲ್, ಮೇ ಸಂಬಳವಿರಲಿಲ್ಲ. ಹಾಗಾಗಿ ವರ್ಷಕ್ಕೆ 90,000. ಹನ್ನೆರಡರಿಂದ ಭಾಗಿಸಿದರೆ ನನ್ನ ನಿಜವಾದ ಸಂಬಳ ಏಳೂವರೆ ಸಾವಿರ.

2. ಕೊರತೆಯನ್ನು ಯಾರು ತುಂಬುತ್ತಿದ್ದಾರೆ ಎಂದು ಕೇಳಿಕೊಳ್ಳಿ

ಇಡೀ ವಿಷಯದ ಜೀವ ಇರುವುದು ಇಲ್ಲಿ, ನನ್ನ ಪ್ರಕಾರ.

ಏಳೂವರೆ ಸಾವಿರಕ್ಕೆ ಯಾವ ಮನೆಯೂ ನಡೆಯುವುದಿಲ್ಲ. ಆದರೂ ನಾವು ವರ್ಷಗಟ್ಟಲೆ ಆ ಕೆಲಸದಲ್ಲಿ ಇರುತ್ತೇವೆ. ಹೇಗೆ? ಮನೆಯ ರಾಗಿ, ಮನೆಯ ಜೋಳ, ರೇಷನ್ ಅಕ್ಕಿ, ಅಮ್ಮನ ಎರಡು ಎಮ್ಮೆ, ಬಾಡಿಗೆಯಿಲ್ಲದ ಸೂರು. ಮಳೆ ನಂಬಿದ ಹೊಲವೊಂದು ಹಿಂದೆ ನಿಂತು ಆ ಸಂಬಳವನ್ನು ಸಂಬಳದಂತೆ ಕಾಣಿಸುತ್ತಿರುತ್ತದೆ. ಮದುವೆಯಾದವರಿಗೆ ಗಂಡನ ದುಡಿಮೆಯೋ ತವರಿನ ಕಾಳೋ ಇದ್ದೀತು. ಅಂದರೆ ಶಾಲೆ ಅಷ್ಟು ಕಡಿಮೆ ಫೀಜಿಗೆ ನಡೆಯುತ್ತಿದ್ದರೆ, ವ್ಯತ್ಯಾಸ ಕಟ್ಟುತ್ತಿರುವುದು ಆಡಳಿತ ಮಂಡಳಿಯಲ್ಲ, ಅದರ ಶಿಕ್ಷಕಿಯರ ಮನೆಯವರು. ಆ ದಾನಿಗಳ ಹೆಸರು ಯಾವ ಗೋಡೆಯ ಕಲ್ಲಿನ ಮೇಲೂ ಇಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದರು, ನಮ್ಮದೂ ಅದರಲ್ಲಿತ್ತು. ಮೆಕ್ಕೆಜೋಳ ಮೊಣಕಾಲೆತ್ತರಕ್ಕೇ ಒಣಗಿ ದನದ ಮೇವಾಯಿತು. ಆ ದೀಪಾವಳಿಗೆ ಮನೆಯಲ್ಲಿ ಹೊಸ ಬಟ್ಟೆ ಬರಲಿಲ್ಲ, ನನ್ನ ಸಂಬಳ ಮಾತ್ರ ಬಂತು, ಒಂಬತ್ತು ಸಾವಿರ. ಹೊಲ ನಿಂತುಹೋದ ವರ್ಷ ಅದು ಎಷ್ಟು ಸಣ್ಣದೆಂದು ಎಲ್ಲರಿಗೂ ಒಟ್ಟಿಗೇ ಕಂಡಿತು.

ಬಿಡುವ ಮಾತೆತ್ತಿದಾಗ ಸಂಬಂಧಿಕರೊಬ್ಬರು ‘ಉಂಡ ಮನೆ ಜಂತೆ ಎಣಿಸಬಾರದು’ ಎಂದರು. ಗಾದೆ ದೊಡ್ಡದು, ನಾನು ಅದನ್ನು ಗೌರವಿಸುತ್ತೇನೆ. ಆದರೆ ನಾನು ಉಂಡದ್ದು ಯಾರ ಮನೆಯಲ್ಲಿ? ಬೆಳಿಗ್ಗೆ ಡಬ್ಬಿಗೆ ಹಾಕಿಕೊಂಡು ಹೋದ ರೊಟ್ಟಿ, ರಾತ್ರಿ ಬಂದು ಉಂಡ ಮುದ್ದೆ ಎಲ್ಲ ಅಪ್ಪನ ಹೊಲದ್ದು. ಋಣದ ಮಾತಾಡುವುದಾದರೆ ಮೊದಲು ತೀರಿಸಬೇಕಾದದ್ದು ಅವನ ಋಣ.

3. ಋಣ ಯಾರದೆಂದು ಹೆಸರು ಹಿಡಿದು ಬರೆಯಿರಿ

‘ಶಾಲೆಗೆ ಮೋಸ ಮಾಡಿದಂತಾಗುತ್ತೆ’ ಎಂದು ಸುಮ್ಮನೆ ಅಂದುಕೊಂಡರೆ ಆ ಭಾರಕ್ಕೆ ಕೊನೆಯೇ ಇಲ್ಲ. ಹೆಸರು ಬರೆದರೆ ಅದು ಕಡಿಮೆಯಾಗುತ್ತದೆ, ಉಳಿದದ್ದನ್ನು ತೀರಿಸಲು ದಾರಿಯೂ ಕಾಣುತ್ತದೆ. ನಾನು ಒಂದು ಹಾಳೆಯಲ್ಲಿ ಬರೆದೆ.

ಹತ್ತನೇ ತರಗತಿಯ ಮಕ್ಕಳು: ಇವರಿಗೆ ನಾನು ಕೊಡಬೇಕಾದದ್ದು ಪೂರ್ತಿ ಪಾಠ, ಪುನರಾವರ್ತನೆ, ಪರೀಕ್ಷೆಯ ದಿನದವರೆಗೂ ಜೊತೆಗಿರುವುದು. ಇದು ನಿಜವಾದ ಋಣ. ಒಂಬತ್ತನೇ ತರಗತಿಯವರು: ಮುಂದಿನ ಶಿಕ್ಷಕರಿಗೆ ಯಾವ ಮಗು ಎಲ್ಲಿ ತಡವರಿಸುತ್ತದೆ ಎಂದು ತಿಳಿಸಿ ಹೋಗುವುದು. ಹಿಂದಿ ಮಿಸ್: ಅಮ್ಮ ಆಸ್ಪತ್ರೆಯಲ್ಲಿದ್ದಾಗ ನನ್ನ ಪೀರಿಯಡ್ಡುಗಳನ್ನೆಲ್ಲ ನೋಡಿಕೊಂಡವರು. ಇದು ಶಾಲೆಯ ಋಣವಲ್ಲ, ಗೆಳತಿಯ ಋಣ. ಕೆಲಸ ಬಿಟ್ಟ ಮಾತ್ರಕ್ಕೆ ಗೆಳೆತನ ಬಿಟ್ಟುಹೋಗುವುದಿಲ್ಲ.

ಕಾರ್ಯದರ್ಶಿಗಳು: ಅನುಭವವಿಲ್ಲದ ಹುಡುಗಿಗೆ ಮೊದಲ ಕೆಲಸ ಕೊಟ್ಟವರು. ಇಲ್ಲಿ ಬಹಳ ಹೊತ್ತು ಪೆನ್ನು ನಿಂತಿತು. ಕೃತಜ್ಞತೆ ಇದೆ, ಈಗಲೂ ಇದೆ. ಆದರೆ ಕೆಲಸ ಕೊಟ್ಟರು, ನಾನು ಮಾಡಿದೆ, ಒಪ್ಪಿದ್ದಕ್ಕಿಂತ ಹೆಚ್ಚೇ ಮಾಡಿದೆ. ಆ ಲೆಕ್ಕ ತಿಂಗಳು ತಿಂಗಳಿಗೂ ಚುಕ್ತಾ ಆಗಿದೆ.

ಕೊನೆಯ ಸಾಲಿನಲ್ಲಿ ‘ಶಾಲೆ’ ಎಂದು ಬರೆದೆ. ಎದುರಿಗೆ ಬರೆಯಲು ಏನೂ ಹೊಳೆಯಲಿಲ್ಲ. ಮಕ್ಕಳು, ಗೆಳತಿ, ಕಾರ್ಯದರ್ಶಿಗಳು ಬೇರೆ ಬೇರೆ ಸಾಲಿಗೆ ಹೋದ ಮೇಲೆ ಉಳಿದದ್ದು ಕಟ್ಟಡ ಮತ್ತು ಬೋರ್ಡು.

4. ಸಂಸ್ಥೆಯ ಕಷ್ಟ ಸುಳ್ಳಲ್ಲ, ಆದರೆ ಅದನ್ನು ಪರೀಕ್ಷಿಸಬಹುದು

ನಮ್ಮಂಥ ಕಡೆ ಸಣ್ಣ ಶಾಲೆ ನಡೆಸುವುದು ಸುಲಭವಲ್ಲ. ಪೋಷಕರು ‘ಮೆಕ್ಕೆಜೋಳ ಮಾರಿದ ಮೇಲೆ ಕಟ್ತೀವಿ ಸಾರ್’ ಎನ್ನುತ್ತಾರೆ. ಬರ ಬಂದರೆ ಮಾರಲು ಜೋಳವೇ ಇರುವುದಿಲ್ಲ. ಕೊರೊನಾದಲ್ಲಿ ಶಾಲೆಗಳು ಮುಚ್ಚಿ ಸಂಬಳ ನಿಂತಾಗ ರಾಜ್ಯ ಸರ್ಕಾರ 2021ರ ಜೂನ್‌ನಲ್ಲಿ ಅನುದಾನರಹಿತ ಶಾಲೆಗಳ ಸಿಬ್ಬಂದಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು. ಶಾಲೆಗಳಿಗೇ ಶಕ್ತಿಯಿರಲಿಲ್ಲ ಎನ್ನುವುದಕ್ಕೆ ಅದೂ ಒಂದು ಸಾಕ್ಷಿ.

ಹಾಗಾದರೆ ಕೊಡಲಾರದವರಿಗೂ ಕೊಡಲೊಲ್ಲದವರಿಗೂ ವ್ಯತ್ಯಾಸ ತಿಳಿಯುವುದು ಹೇಗೆ? ಕಷ್ಟ ಎಲ್ಲರಿಗೂ ಹಂಚಿಕೆಯಾಗಿದೆಯೇ ಎಂದು ನೋಡಿ. ಸಂಬಳ ಏರಿಸಲು ದುಡ್ಡಿಲ್ಲದ ವರ್ಷವೇ ಹೊಸ ಬಸ್ಸು ಬಂದರೆ, ಎರಡನೇ ಮಹಡಿಗೆ ಸೆಂಟ್ರಿಂಗ್ ಕಟ್ಟಿದರೆ, ದುಡ್ಡು ಇದೆ, ನಿಮ್ಮ ಹೆಸರಿಗೆ ಇಲ್ಲ. ನಾನಿದ್ದ ಕಡೆ ಆದದ್ದು ಇದೇ. ಸಿಟ್ಟು ಬಂತು, ಆಮೇಲೆ ಮನಸ್ಸು ಹಗುರವೂ ಆಯಿತು.

5. ‘ಯಾರೂ ಬಲವಂತ ಮಾಡಿಲ್ಲವಲ್ಲ’ ಎಂಬ ಮಾತಿಗೆ

ಸಂಬಳದ ಮಾತೆತ್ತಿದಾಗಲೆಲ್ಲ ಇದು ಬರುತ್ತದೆ: ಒಪ್ಪಿಯೇ ಸೇರಿದ್ದಲ್ಲವೇ? 1982ರಲ್ಲಿ ದೆಹಲಿಯ ಏಷ್ಯಾಡ್ ಕ್ರೀಡಾಂಗಣಗಳ ಕೂಲಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಲಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ, ಹಸಿವು ಮತ್ತು ಬಡತನದ ಒತ್ತಡವೂ ಬಲವಂತವೇ ಎಂದಿತು. ಚಾವಟಿ ಹಿಡಿದವನು ಎದುರಿಗಿರಬೇಕೆಂದೇನಿಲ್ಲ.

ಶಿಕ್ಷಕರ ಪಾಡು ಇನ್ನೂ ವಿಚಿತ್ರ. 1948ರ ಕನಿಷ್ಠ ವೇತನ ಕಾಯ್ದೆ ಶಿಕ್ಷಕರಿಗೆ ಅನ್ವಯಿಸದು ಎಂದು 1996ರಲ್ಲಿ ಅದೇ ನ್ಯಾಯಾಲಯ ಹೇಳಿತು. ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು ಕಾರ್ಮಿಕರಲ್ಲ ಎಂದು 1988ರಲ್ಲೇ ತೀರ್ಪಾಗಿತ್ತು. ಶಾಲೆಯ ಬಸ್ ಡ್ರೈವರಿಗೆ ಕಾರ್ಮಿಕ ನ್ಯಾಯಾಲಯದ ಬಾಗಿಲು ತೆರೆದಿತ್ತು, ಒಳಗೆ ಪಾಠ ಮಾಡುವವಳಿಗೆ ಇರಲಿಲ್ಲ. ಕೆಲಸದಿಂದ ತೆಗೆದರೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು, ಅದೊಂದು ದಾರಿ. ಗುರು ಎಂದು ಮೇಲೆ ಕೂರಿಸಿದ್ದರಿಂದ ಆದ ಲಾಭ ಇಷ್ಟು!

ಸೆಪ್ಟೆಂಬರ್ 5ಕ್ಕೆ ಶಾಲು ಹೊದಿಸುತ್ತಾರೆ, ಗುರುವನ್ನು ದೇವರಿಗೆ ಹೋಲಿಸುವ ಶ್ಲೋಕ ಹೇಳಿಸುತ್ತಾರೆ. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಶ್ಲೋಕವನ್ನೇ ಎತ್ತಿಕೊಂಡು, ಸಮಾರಂಭಗಳಲ್ಲಿ ಅದನ್ನು ಹೇಳಿದರಷ್ಟೇ ಸಾಲದು, ನಂಬುವುದಾದರೆ ರಾಷ್ಟ್ರ ತನ್ನ ಶಿಕ್ಷಕರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಅದು ಕಾಣಬೇಕು ಎಂಬರ್ಥದ ಮಾತು ಬರೆಯಿತು. ಅದನ್ನು ಓದಿದ ದಿನ ಹಿಂದಿ ಮಿಸ್‌ಗೆ ಫೋನ್ ಮಾಡಿ ಓದಿ ಹೇಳಿದೆ.

6. ಬಿಡುವ ಮೊದಲು ಕೇಳಿ, ಆದಷ್ಟೂ ಒಬ್ಬರೇ ಕೇಳಬೇಡಿ

ಒಬ್ಬಳೇ ಹೋಗಿ ಕೇಳಿದಾಗ ನನಗೆ ಸಿಕ್ಕ ಉತ್ತರ: ‘ನೀನು ಮನೆ ಮಗಳಿದ್ದಂಗೆ, ನೀನೇ ಹಿಂಗಂದ್ರೆ ಹೆಂಗಮ್ಮ?’ ಈ ಮಾತಿಗೆ ಎದುರಾಡುವುದು ಕಷ್ಟ, ಅದನ್ನು ಆಡುವುದೂ ಅದಕ್ಕೇ. ನಾಲ್ಕು ಜನ ಸಹಿ ಹಾಕಿದ ಅರ್ಜಿಗೆ ಈ ಉತ್ತರ ಹೊಂದುವುದಿಲ್ಲ.

ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ತಿಂಗಳಿಗೆ ಕನಿಷ್ಠ 10,000 ಕೊಡುತ್ತೇವೆ ಎಂಬ ಮಾತು ಬಂದದ್ದು ಆಮೇಲೆ. ಅದಕ್ಕೂ ಮೊದಲೇ, 2022ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತ್ತು. ಪ್ರಶಸ್ತಿಯಿಂದ ಸಂಬಳ ಏರಲಿಲ್ಲ. ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರ ಗೌರವಧನಕ್ಕೆ 2025-26ರ ಬಜೆಟ್ಟಿನಲ್ಲಿ 2,000 ಸೇರಿದ್ದೂ ವರ್ಷಗಳ ಬೇಡಿಕೆಯ ಫಲ.

ಒಟ್ಟಾಗಿ ಕೇಳಿದರೆ ಎಲ್ಲ ಸರಿಹೋಗುತ್ತದೆ ಎಂದೂ ನಾನು ಹೇಳಲಾರೆ. 2022ರ ಜನವರಿಯಲ್ಲಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನ 11,000-13,000ದಿಂದ 26,000-32,000ಕ್ಕೆ ಏರಿತು. ಜೊತೆಗೇ ವಾರದ ಕಾರ್ಯಭಾರ 15 ಗಂಟೆಗೆ ಏರಿ, ಇಬ್ಬರ ಪಾಠ ಒಬ್ಬರ ಪಾಲಿಗೆ ಬಂದು, ಬಹಳ ಮಂದಿ ಕೆಲಸ ಕಳೆದುಕೊಂಡರು. ಯಾರ ಸಂಬಳ ಏರುತ್ತದೆ, ಯಾರ ಹೆಸರು ಹೋಗುತ್ತದೆ ಎಂಬ ಎರಡೂ ಪ್ರಶ್ನೆ ಒಟ್ಟಿಗೇ ಕೇಳಬೇಕು.

7. ಬಾಯಿ ಬಿಡುವ ಮೊದಲು ಕಾಗದ ಕೈಗೆ ಬರಲಿ

ಸೇರುವಾಗ ‘ಪರಿಶೀಲನೆಗೆ’ ಎಂದು ಎಸ್ಸೆಸ್ಸೆಲ್ಸಿಯಿಂದ ಬಿ.ಇಡಿ.ವರೆಗಿನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೆಗೆದುಕೊಂಡು ಬೀರುವಿನಲ್ಲಿಟ್ಟುಬಿಡುವ ಶಾಲೆಗಳಿವೆ. ನನ್ನವೂ ಹಾಗೇ ಇದ್ದವು. ಆಫೀಸಿನ ಹಸಿರು ಬೀರು, ಬೀಗದ ಕೈ ಕಾರ್ಯದರ್ಶಿಗಳ ಜೇಬಿನಲ್ಲಿ. ಟಿಇಟಿ ಅರ್ಜಿಗೆ ಬೇಕೆಂದು ಕೇಳಿ ಪಡೆದೆ. ಅರ್ಜಿಯನ್ನೂ ನಿಜವಾಗಿ ಹಾಕಿದೆ. ನಿಮ್ಮ ಮಾರ್ಕ್ಸ್ ಕಾರ್ಡು ನಿಮ್ಮ ಸ್ವತ್ತು, ಅದನ್ನು ಒತ್ತೆಯಾಗಿ ಹಿಡಿದಿಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಪ್ಲಾಸ್ಟಿಕ್ ಕವರಿನೊಳಗೆ ಒಂದೊಂದೇ ಎಣಿಸಿ ನೋಡಿ, ಸೆಮಿಸ್ಟರಿನವು ತಪ್ಪಿಹೋಗಿರುತ್ತವೆ.

ಅನುಭವ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಹಾಕಿಸಿಕೊಳ್ಳಿ. ನೇಮಕಾತಿ ಆದೇಶವಿದ್ದರೆ ನೋಟಿಸ್ ಎಷ್ಟು ದಿನದ್ದೆಂದು ಓದಿ. ಆದೇಶವೇ ಕೊಟ್ಟಿರದಿದ್ದರೆ ಬ್ಯಾಂಕ್ ಪಾಸ್‌ಬುಕ್, ಹಾಜರಿ ಪುಸ್ತಕದ ಫೋಟೊ, ಪರೀಕ್ಷಾ ಕರ್ತವ್ಯದ ಆದೇಶಗಳೇ ನಿಮ್ಮ ಸಾಕ್ಷಿ.

ಪಿಎಫ್: ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಇದು ಅನ್ವಯ, ಆಯಾ, ಡ್ರೈವರ್ ಎಲ್ಲ ಸೇರಿ ಎಣಿಸಬೇಕು. ಸಂಬಳದಲ್ಲಿ ಹಿಡಿದ ಹಣ ನಿಜವಾಗಿ ಕಟ್ಟಿದ್ದಾರೆಯೇ ಎಂದು ಉಮಂಗ್ ಆ್ಯಪಿನಲ್ಲಿ ಪಾಸ್‌ಬುಕ್ ತೆರೆದು ನೋಡಿ. ಹೊಸ ಕಡೆಗೆ ವರ್ಗಾಯಿಸಿಕೊಳ್ಳಿ, ಆತುರಕ್ಕೆ ಬಿಡಿಸಿಕೊಳ್ಳಬೇಡಿ. ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು.

ಗ್ರಾಚ್ಯುಟಿಯನ್ನು ನಮ್ಮ ಕಡೆ ಯಾರೂ ಕೇಳುವುದೇ ಇಲ್ಲ. ಖಾಸಗಿ ಶಾಲಾ ಶಿಕ್ಷಕರಿಗೆ ಅದು ಸಲ್ಲುತ್ತದೆ. 2009ರ ತಿದ್ದುಪಡಿ 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಅವರನ್ನು ಒಳಗೆ ತಂದಿತು, 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂಗನವಾಡಿಯವರಿಗೂ ಇದೆಯೆಂದು ಅದೇ ವರ್ಷದ ಏಪ್ರಿಲ್‌ನಲ್ಲಿ ತೀರ್ಪು ಬಂತು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಾಗಿರಬೇಕು, ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆ ಇರಬೇಕು. ಕೊನೆಯ ಸಂಬಳವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಿ. 9,000 ಸಂಬಳಕ್ಕೆ ಏಳು ವರ್ಷವಾದರೆ 36,346 ರೂಪಾಯಿ. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಲೆಕ್ಕದ ಈ ಸೂತ್ರ ಉಳಿದಿದೆ. ನಾನು ಲಿಖಿತ ಅರ್ಜಿ ಕೊಟ್ಟೆ. ಮೊದಲು ನಕ್ಕರು. ಕಾರ್ಮಿಕ ಇಲಾಖೆಗೆ ಪ್ರತಿ ಹೋಗುತ್ತದೆ ಎಂದು ತಿಳಿದ ಮೇಲೆ ಎರಡು ಕಂತಿನಲ್ಲಿ ಕೊಟ್ಟರು. ಅಪ್ಪನ ಸೊಸೈಟಿ ಸಾಲದ ಬಾಕಿಗೆ ಅದು ಹೋಯಿತು.

8. ಹೊಸ ಕೆಲಸದ ಖರ್ಚನ್ನೂ ಪ್ರಾಮಾಣಿಕವಾಗಿ ಬರೆಯಿರಿ

ದಾವಣಗೆರೆಯಲ್ಲಿ 18,000 ಎಂದಾಗ ಎರಡರಷ್ಟು ಎಂದು ಊರಲ್ಲಿ ಸುದ್ದಿಯಾಯಿತು. ರೂಮಿನ ಪಾಲು, ಊಟ, ಓಡಾಟ ಕಳೆದರೆ ಉಳಿಯುವುದು 11,000ದ ಆಸುಪಾಸು. ಆದರೆ ಹನ್ನೆರಡು ತಿಂಗಳೂ ಬರುತ್ತದೆ, ಪಿಎಫ್ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಿದ್ದರಿಂದ ಸರ್ಕಾರಿ ಬಸ್ಸು ಸಿಕ್ಕ ದಿನ ಊರಿಗೆ ಹೋಗಲು ದುಡ್ಡು ಬೇಡ. ಖಾಸಗಿ ಬಸ್ಸು ಹತ್ತಿದರೆ ಟಿಕೆಟ್ಟೇ. ಮನೆಯಿಂದ ದೂರವಿರುವುದೂ ಒಂದು ಖರ್ಚು. ಅಮ್ಮನ ಮಂಡಿ ನೋವಿಗೆ ಸಂಜೆ ಎಣ್ಣೆ ತಿಕ್ಕುವವರು ಈಗ ಯಾರೂ ಇಲ್ಲ.

9. ಇರಬೇಕಾದವರೂ ಇದ್ದಾರೆ

ಎಳೆ ಮಗುವಿರುವವರು, ಹಾಸಿಗೆ ಹಿಡಿದ ಅತ್ತೆಯಿರುವವರು, ನೇಮಕಾತಿ ಪರೀಕ್ಷೆಗೆ ಓದುತ್ತಿರುವವರು ಕಡಿಮೆ ಸಂಬಳದಲ್ಲಿ ಇದ್ದರೆ ಅದು ಹೇಡಿತನವಲ್ಲ. ಆದರೆ ಎಲ್ಲಿಯವರೆಗೆ ಎಂದು ಒಂದು ತಾರೀಖು ಬರೆದಿಡಿ. ತಾರೀಖಿಲ್ಲದೆ ಇದ್ದವರು ನಲವತ್ತು ದಾಟಿ, ನೇಮಕಾತಿಯ ವಯೋಮಿತಿಯೂ ಮೀರಿ ಕೂತದ್ದನ್ನು ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ.

10. ಬಿಡುವುದಾದರೆ ಮಕ್ಕಳ ಪಂಚಾಂಗ ನೋಡಿ ಬಿಡಿ

ಕಾಲೇಜಿನವರು ಜನವರಿಯಲ್ಲೇ ಬನ್ನಿ ಎಂದಿದ್ದರು. ಹೋಗಲಿಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಏಪ್ರಿಲ್ 6ಕ್ಕೆ ಮುಗಿಯಿತು. ರಾಜೀನಾಮೆ ಪತ್ರ ಕೊಟ್ಟದ್ದು ಅದಾದ ಮೇಲೆ. ಆ ವರ್ಷ ವೆಬ್‌ಕಾಸ್ಟಿಂಗ್ ಕಣ್ಗಾವಲಿತ್ತು, ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ನಮ್ಮ ಶಾಲೆಯಲ್ಲೂ ಗಣಿತದಲ್ಲಿ ಕೆಲವರು ಉಳಿದರು. ಜೂನ್‌ನ ಪರೀಕ್ಷೆ-2ಕ್ಕೆ ಅವರನ್ನು ಭಾನುವಾರಗಳಂದು ಸೊಕ್ಕೆಯ ನಮ್ಮ ಮನೆಗೇ ಕರೆಸಿ ಪಾಠ ಮಾಡಿದೆ. ಆಗ ನಾನು ಆ ಶಾಲೆಯವಳಲ್ಲ. ಮಕ್ಕಳಿಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ, ತ್ರಿಕೋನಮಿತಿ ಅದೇ, ಮಿಸ್ಸೂ ಅದೇ.

ಬೀಳ್ಕೊಡುವಾಗ ಕಾರ್ಯದರ್ಶಿಗಳು ಮುಖ ಗಂಟು ಹಾಕಿಕೊಂಡಿದ್ದರು. ಅವರ ಕಾಲು ಮುಟ್ಟಿ ನಮಸ್ಕರಿಸಿದೆ. ಮೊದಲ ಕೆಲಸ ಕೊಟ್ಟದ್ದಕ್ಕೆ ಅದು ಸಲ್ಲಬೇಕಿತ್ತು.

11. ಅಳುಕು ಬಿಟ್ಟ ಮೇಲೂ ಬರುತ್ತದೆ

ಜೂನ್‌ನಲ್ಲಿ ಶಾಲೆ ಶುರುವಾದಾಗ ಬಂತು. ಮಕ್ಕಳು ಫೋನ್ ಮಾಡಿದಾಗ ಈಗಲೂ ಬರುತ್ತದೆ. ಅದು ಬಂತೆಂದರೆ ನಿರ್ಧಾರ ತಪ್ಪಾಯಿತೆಂದಲ್ಲ, ಮಕ್ಕಳ ಮೇಲೆ ಪ್ರೀತಿಯಿತ್ತು ಎಂದಷ್ಟೇ.

ನನ್ನ ಜಾಗಕ್ಕೆ ಪಕ್ಕದ ಹಳ್ಳಿಯ ಹುಡುಗಿಯೊಬ್ಬಳನ್ನು 8,500ಕ್ಕೆ ತೆಗೆದುಕೊಂಡರು. ‘ಅಕ್ಕಾ, ನೀವಿದ್ದ ಶಾಲೆ ಅಂತೆ’ ಎಂದು ಅವಳೇ ಫೋನ್ ಮಾಡಿದಳು. ನನ್ನ ನೋಟ್ಸೆಲ್ಲ ಕೊಟ್ಟೆ, ಯಾವ ಮಗುವಿಗೆ ಯಾವ ಪಾಠ ಕಷ್ಟ ಎಂದು ಹೇಳಿದೆ. ನೇಮಕಾತಿ ಆದೇಶ ಲಿಖಿತವಾಗಿ ಕೇಳು, ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಮಾತ್ರ ಕೊಡು, ಬೇಸಿಗೆ ಸಂಬಳದ ಮಾತು ಹಿಂದಿ ಮಿಸ್ ಜೊತೆ ಸೇರಿ ಎತ್ತು ಎಂದೆ. ಆದೇಶ ಸಿಕ್ಕಿತು, ಒರಿಜಿನಲ್ ಅವಳ ಬಳಿಯೇ ಇವೆ. ಏಪ್ರಿಲ್ ಸಂಬಳಕ್ಕೆ ಅವರಿಬ್ಬರೂ ಇನ್ನೂ ಮೂವರನ್ನು ಸೇರಿಸಿಕೊಂಡು ಅರ್ಜಿ ಕೊಟ್ಟಿದ್ದಾರೆ.